ನಗರ ಪರಿಷತ್ತಿನ ಗುತ್ತಿಗೆ ಕೆಲಸ: ಕಡತದಿಂದ ಕಾಂಕ್ರೀಟಿನವರೆಗೆ ಕಣ್ಣಿಡುವುದು ಹೇಗೆ?

ಮಹಾರಾಷ್ಟ್ರದ ಅಂಬರನಾಥ, ಬದ್ಲಾಪುರ, ಕರ್ಜತ್, ಲೋಣಾವಳ, ತಳೆಗಾಂವ್ ಕಡೆಯ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ನಮ್ಮ ಗಲ್ಲಿಗೆ ಹೋದ ವರ್ಷವಷ್ಟೇ ಕಾಂಕ್ರೀಟ್ ಹಾಕಿದರು, ಒಂದು ಮಳೆಗೇ ಜಲ್ಲಿ ಎದ್ದು ಬಂತು. ಟೆಂಡರ್ ಯಾರಿಗೆ ಸಿಕ್ಕಿತ್ತು ಎಂದು ತಿಳಿಯುವುದು ಹೇಗೆ?”

ಹೆಸರು ತಿಳಿಯುವುದು ಕಷ್ಟವಲ್ಲ, ಹತ್ತು ನಿಮಿಷದ ಕೆಲಸ. ಆದರೆ ಹೆಸರು ಹಿಡಿದುಕೊಂಡು ಕೂಗಾಡಿದರೆ ರಸ್ತೆ ಗಟ್ಟಿಯಾಗುವುದಿಲ್ಲ. ಎಷ್ಟು ದಪ್ಪ ಹಾಕಬೇಕಿತ್ತು, ಎಷ್ಟು ದಪ್ಪ ಹಾಕಿದ್ದೇವೆಂದು ಅಳತೆ ಬರೆದರು, ಆ ಅಳತೆಗೆ ಬಿಲ್ ಯಾವಾಗ ಪಾಸಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಅದೂ ಹಣ ಪೂರ್ತಿ ಕೈಬದಲಾಗುವ ಮೊದಲು. ಈ ಲೇಖನ ಇರುವುದೇ ಆ ದಾರಿಯನ್ನು ತೋರಿಸಲು.

ಬೇಕಾಗುವ ಸಾಮಾನು ಕಡಿಮೆ. ಒಂದು ಟೇಪು, ಒಂದು ನೋಟುಪುಸ್ತಕ, ದಿನಾಂಕ ಸಮೇತ ಫೋಟೋ ತೆಗೆಯುವ ಮೊಬೈಲ್, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು, ಮರಾಠಿ ಓದಬಲ್ಲ ಒಬ್ಬ ನೆರೆಯವರು. ಕಡತವೆಲ್ಲ ಮರಾಠಿಯಲ್ಲಿರುತ್ತದೆ. ಆದ್ದರಿಂದ ಅಲ್ಲಿ ಓಡಾಡುವ ಪದಗಳನ್ನು ಮುಂದೆ ಜೊತೆಜೊತೆಗೇ ಬಿಡಿಸಿ ಹೇಳಿದ್ದೇನೆ.

1. ಮೊದಲು, ಕೆಲಸ ಯಾರದೆಂದು ಗೊತ್ತುಮಾಡಿಕೊಳ್ಳಿ

ಬೀದಿ ಅಗೆದವರೆಲ್ಲ ನಗರ ಪರಿಷತ್ತಿನವರಲ್ಲ. ಅಂಬರನಾಥ ಮತ್ತು ಬದ್ಲಾಪುರದಲ್ಲಿ ಕುಡಿಯುವ ನೀರು ಪೂರೈಸುವುದು ಮಹಾರಾಷ್ಟ್ರ ಜೀವನ ಪ್ರಾಧಿಕರಣ. ಕೊಳವೆಗಾಗಿ ಅಗೆದಿದ್ದರೆ ಕಡತ ಅಲ್ಲಿರುವ ಸಾಧ್ಯತೆಯೇ ಹೆಚ್ಚು. ಕೆಲವು ದೊಡ್ಡ ರಸ್ತೆಗಳು ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕರಣದ ಕೈಯಲ್ಲಿದ್ದರೆ, ಕೈಗಾರಿಕಾ ವಸಾಹತಿನ ಒಳರಸ್ತೆಗಳು ಎಂ.ಐ.ಡಿ.ಸಿ.ಯವು, ಅಂದರೆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದವು. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ಅಂದರೆ ಮರಾಠಿಯ ‘ಸಾರ್ವಜನಿಕ ಬಾಂಧಕಾಮ ವಿಭಾಗ’.

ಕೆಲಸದ ಜಾಗದಲ್ಲಿರುವ ಫಲಕದ ಫೋಟೋ ಮೊದಲ ದಿನವೇ ತೆಗೆದಿಟ್ಟುಕೊಳ್ಳಿ, ವಾರ ಕಳೆಯುವುದರೊಳಗೆ ಅದು ಕಾಣೆಯಾಗಿರಬಹುದು. ಅದರಲ್ಲಿ ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರ, ಹಣದ ಮೂಲ ಇರುತ್ತವೆ. ‘ನಗರೋತ್ಥಾನ’ ಎಂದಿದ್ದರೆ ರಾಜ್ಯದ ಯೋಜನೆ, ‘ವಿತ್ತ ಆಯೋಗ’ ಎಂದಿದ್ದರೆ ಕೇಂದ್ರದ ಹಣಕಾಸು ಆಯೋಗದ ಅನುದಾನ, ‘ಆಮದಾರ ನಿಧಿ’ ಎಂದರೆ ಶಾಸಕರ ನಿಧಿ. ಕೆಲಸದ ಹೆಸರನ್ನು ಅಕ್ಷರಶಃ ಬರೆದುಕೊಳ್ಳಿ. “ಪ್ರಭಾಗ ಕ್ರಮಾಂಕ (ವಾರ್ಡ್ ಸಂಖ್ಯೆ) ಇಷ್ಟು, ಇಂಥವರ ಮನೆಯಿಂದ ಇಂಥ ಸೊಸೈಟಿಯವರೆಗೆ” ಎಂಬ ಉದ್ದನೆಯ ಆ ಹೆಸರೇ ಮುಂದೆ ಕಡತದ ಬೀಗ ತೆರೆಯುವ ಕೀಲಿಕೈ.

ಗೋವಾದಲ್ಲಿರುವವರಿಗೆ ಒಂದು ಮಾತು. ಅಲ್ಲಿ ಪಣಜಿಗೆ ಮಹಾನಗರ ಪಾಲಿಕೆಯಿದೆ, ಮಾಪುಸಾ, ಮಡಗಾಂವ್, ಮುರ್ಗಾಂವ್, ಫೋಂಡಾ ಸೇರಿ 13 ಪಟ್ಟಣಗಳಿಗೆ 1968ರ ಗೋವಾ ನಗರಸಭೆ ಕಾಯಿದೆಯಡಿ ಪರಿಷತ್ತುಗಳಿವೆ. ಹಲವು ಕೆಲಸಗಳನ್ನು ಪರಿಷತ್ತಿನ ಬದಲು ರಾಜ್ಯದ ನಗರಾಭಿವೃದ್ಧಿ ಏಜೆನ್ಸಿ ನಡೆಸುತ್ತದೆ. ಕಾಗದಗಳು ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಮುಂದಿನ ಹಂತಗಳ ತಿರುಳು ಅಲ್ಲಿಗೂ ಸಲ್ಲುತ್ತದೆ.

2. ಕಡತ ನಡೆಯುವ ದಾರಿ

ಮಹಾರಾಷ್ಟ್ರದ ಸಣ್ಣ ಊರುಗಳ ಆಡಳಿತಕ್ಕೆ 1965ರ ನಗರ ಪರಿಷತ್ ಕಾಯಿದೆಯೇ ಆಧಾರ. ಚುನಾಯಿತ ಸಭೆಯ ಮುಖ್ಯಸ್ಥರು ನಗರಾಧ್ಯಕ್ಷರು, ಕಾರ್ಯಾಂಗದ ಮುಖ್ಯಸ್ಥರು ಸರ್ಕಾರ ನೇಮಿಸಿದ ‘ಮುಖ್ಯಾಧಿಕಾರಿ’. ಬಿಲ್ಲಿನವರೆಗಿನ ಕಾಗದಗಳು ಈ ಎರಡನೆಯವರ ಮೇಜಿನಿಂದಲೇ ಹಾಯುತ್ತವೆ. ಚುನಾವಣೆ ನಡೆಯದೆ ವರ್ಷಗಟ್ಟಲೆ ಹಲವು ಪರಿಷತ್ತುಗಳು ‘ಪ್ರಶಾಸಕ’ರ, ಅಂದರೆ ಆಡಳಿತಾಧಿಕಾರಿಯ ಕೈಯಲ್ಲಿದ್ದವು. 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಅದಕ್ಕಿಂತ ಹಿಂದಿನ ಕೆಲಸಕ್ಕೆ ಸಭೆಯ ನಿರ್ಣಯ ಹುಡುಕಿದರೆ ಸಿಗದಿರಬಹುದು, ಪ್ರಶಾಸಕರ ಹೆಸರಿನ ‘ಠರಾವ್’ ಕೇಳಿ.

ಹೆಜ್ಜೆಗಳು ಹೀಗೆ. ಮೊದಲು ಎಂಜಿನಿಯರ್ ‘ಅಂದಾಜಪತ್ರಕ’ ಮಾಡುತ್ತಾರೆ, ಅದು ಖರ್ಚಿನ ಅಂದಾಜು ಪಟ್ಟಿ. ಈ ಕೆಲಸ ಬೇಕು, ಹಣವಿದೆ ಎಂದು ಒಪ್ಪುವುದು ‘ಪ್ರಶಾಸಕೀಯ ಮಾನ್ಯತಾ’. ಲೆಕ್ಕ, ವಿನ್ಯಾಸ ಸರಿಯಿದೆ ಎಂದು ಮೇಲಿನ ಎಂಜಿನಿಯರ್ ಒಪ್ಪುವುದು ‘ತಾಂತ್ರಿಕ ಮಾನ್ಯತಾ’. ಆಮೇಲೆ ‘ನಿವಿದಾ’, ನಮ್ಮ ಟೆಂಡರ್. ಗೆದ್ದವರಿಗೆ ‘ಕಾರ್ಯಾರಂಭ ಆದೇಶ’. ಕೆಲಸ ನಡೆದಂತೆ ‘ಮೋಜಮಾಪ ಪುಸ್ತಿಕಾ’, ಅಂದರೆ ಅಳತೆ ಪುಸ್ತಕ. ಎಲ್ಲರೂ ಕರೆಯುವುದು ಎಂ.ಬಿ. ಎಂದು. ಅದರ ಮೇಲೆ ನಡುನಡುವಿನ ಬಿಲ್, ಕೊನೆಗೆ ಅಂತಿಮ ಬಿಲ್.

ಟೆಂಡರ್ ನಡುವಿನ ಒಂದು ಮೆಟ್ಟಿಲು ಮಾತ್ರ. ಊರಿನವರ ಕಣ್ಣೆಲ್ಲ ಅಲ್ಲಿರುತ್ತದೆ. ಕೆಲಸ ಹಾಳಾಗುವುದು ಬಹುತೇಕ ಅದರ ಮುಂಚಿನ ಅಂದಾಜಿನಲ್ಲಿ, ಇಲ್ಲವೇ ಅದರ ನಂತರದ ಅಳತೆಯಲ್ಲಿ.

3. ಟೆಂಡರ್ ಹುಡುಕುವುದು

ರಾಜ್ಯದ ‘ಮಹಾಟೆಂಡರ್ಸ್’ ಜಾಲತಾಣವನ್ನು ಯಾರು ಬೇಕಾದರೂ ತೆರೆಯಬಹುದು. ಡಿಜಿಟಲ್ ಸಹಿ ಬೇಕಾಗುವುದು ಬಿಡ್ ಹಾಕುವವರಿಗೆ, ನೋಡುವವರಿಗಲ್ಲ. ಸಂಸ್ಥೆವಾರು ಪಟ್ಟಿಯಲ್ಲಿ ನಿಮ್ಮ ಪರಿಷತ್ತನ್ನು ಹಿಡಿದು ಕೆಲಸದ ಹೆಸರಿನ ಒಂದೆರಡು ಪದ ಹಾಕಿ ಹುಡುಕಿ. ಗಡುವು ಮುಗಿದವುಗಳಿಗೆ ಟೆಂಡರ್ ಸ್ಥಿತಿ, ಫಲಿತಾಂಶ ಎಂಬ ಬೇರೆ ಭಾಗವಿದೆ. ಎಷ್ಟು ಜನ ಬಿಡ್ ಹಾಕಿದರು, ಯಾರು ತಾಂತ್ರಿಕ ಹಂತದಲ್ಲೇ ಹೊರಬಿದ್ದರು ಎಂಬುದು ಅಲ್ಲಿ ಸಿಗುತ್ತದೆ. ಬಿಡ್ ಎರಡು ಲಕೋಟೆಗಳಲ್ಲಿರುತ್ತದೆ. ಒಂದರಲ್ಲಿ ಅರ್ಹತೆಯ ಕಾಗದಗಳು, ಇನ್ನೊಂದರಲ್ಲಿ ದರ. ಮೊದಲನೆಯದರಲ್ಲಿ ಪಾಸಾದವರ ಎರಡನೆಯದನ್ನು ಮಾತ್ರ ತೆರೆಯುತ್ತಾರೆ. ಕಸ, ಕಾವಲು, ಕೆಲಸಗಾರರ ಪೂರೈಕೆಯಂಥ ಸೇವೆಗಳು ಕೇಂದ್ರದ ‘ಜೆಮ್’ ಖರೀದಿ ತಾಣದಲ್ಲಿಯೂ ಇರಬಹುದು.

ಇಲ್ಲಿ ಎಡವುವ ಜಾಗ ಎರಡು. ‘ಅಂದಾಜಿಗಿಂತ ಶೇಕಡಾ ಇಪ್ಪತ್ತು ಕಡಿಮೆ’ ಎಂಬ ದರ ಕಂಡು ಪರಿಷತ್ತಿಗೆ ಉಳಿತಾಯವಾಯಿತೆಂದು ಸಂತೋಷಪಡಬೇಡಿ. ಅಂದಾಜು ಸರಿಯಾಗಿದ್ದು ದರ ತೀರಾ ಕೆಳಗಿದ್ದರೆ, ಆ ಕೊರತೆಯನ್ನು ಎಲ್ಲಾದರೂ ತುಂಬಿಕೊಳ್ಳಲೇಬೇಕಲ್ಲವೇ? ತೀರಾ ಕಡಿಮೆ ದರಕ್ಕೆ ಗೆದ್ದವರಿಂದ ಹೆಚ್ಚುವರಿ ಭದ್ರತಾ ಠೇವಣಿ ಪಡೆಯುವ ಷರತ್ತು ಟೆಂಡರಿನಲ್ಲಿದೆಯೇ, ಪಡೆದರೇ ಎಂದು ನೋಡಿ.

ಇನ್ನೊಂದು, ತುಂಡು ಮಾಡುವುದು. ಒಂದು ಮಿತಿಯ ಮೇಲಿನ ಕೆಲಸಕ್ಕೆ ಆನ್‌ಲೈನ್ ಟೆಂಡರ್ ಕಡ್ಡಾಯ. ಆ ಮಿತಿ ಸರ್ಕಾರದ ಆದೇಶದಿಂದ ಆಗಾಗ ಬದಲಾಗುತ್ತದೆ, ಚಾಲ್ತಿಯಲ್ಲಿರುವುದನ್ನು ಪರಿಷತ್ತಿನದೇ ‘ಬಾಂಧಕಾಮ ವಿಭಾಗ’ದಲ್ಲಿ, ಅಂದರೆ ಕಾಮಗಾರಿ ವಿಭಾಗದಲ್ಲಿ ಕೇಳಿಕೊಳ್ಳಿ. ಒಂದೇ ಗಟಾರವನ್ನು ‘ಭಾಗ ಒಂದು’, ‘ಭಾಗ ಎರಡು’, ‘ಭಾಗ ಮೂರು’ ಎಂದು ಕತ್ತರಿಸಿ ಪ್ರತಿಯೊಂದನ್ನೂ ಮಿತಿಯ ಕೆಳಗೇ ನಿಲ್ಲಿಸಿದ್ದರೆ ಅದು ಬರೆದಿಟ್ಟುಕೊಳ್ಳಬೇಕಾದ ಸಂಗತಿ.

4. ಅಂದಾಜುಪಟ್ಟಿಯನ್ನು ಓದುವುದು

ಈ ಒಂದು ಕಾಗದಕ್ಕಾಗಿ ಎಷ್ಟು ಓಡಾಡಿದರೂ ವ್ಯರ್ಥವಲ್ಲ. ಅದರಲ್ಲಿ ಕೆಲಸವನ್ನು ‘ಬಾಬು’ಗಳಾಗಿ ಒಡೆದಿರುತ್ತಾರೆ: ಅಗೆತ, ಮುರಂ ಹಾಸಿ ರೋಲರ್ ಹೊಡೆಯುವುದು, ಕಾಂಕ್ರೀಟ್, ಪೇವರ್ ಬ್ಲಾಕ್, ಚೇಂಬರಿನ ಮುಚ್ಚಳ ಎತ್ತರಿಸುವುದು, ಹೀಗೆ. ಪ್ರತಿ ಬಾಬಿಗೆ ಪ್ರಮಾಣ, ದರ, ಮೊತ್ತ. ದರ ರಾಜ್ಯದ ‘ದರಸೂಚಿ’ಯಿಂದ ಬಂದದ್ದು. ನೀವು ಹುಡುಕಬೇಕಾದದ್ದು ಪ್ರಮಾಣದ ಹಾಳೆ. ಅಲ್ಲಿ ‘ಲಾಂಬೀ, ರುಂದೀ, ಜಾಡೀ’ ಎಂಬ ಮೂರು ಕಾಲಂಗಳಿರುತ್ತವೆ: ಉದ್ದ, ಅಗಲ, ದಪ್ಪ.

ಉದಾಹರಣೆಗೆ 120 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಗಲ್ಲಿ. ಕಾಂಕ್ರೀಟಿನ ದಪ್ಪ 15 ಸೆಂಟಿಮೀಟರ್. ಹಾಳೆಯಲ್ಲಿ 120 × 4 × 0.15 = 72 ಘನಮೀಟರ್ ಎಂದಿರುತ್ತದೆ. ಉದ್ದ, ಅಗಲ ಮೇಲೆಯೇ ಕಾಣುತ್ತವೆ, ಅವುಗಳಲ್ಲಿ ಕಳ್ಳಲೆಕ್ಕ ನಡೆಯುವುದು ಕಷ್ಟ. ದಪ್ಪ ಕೆಳಗೆ ಹೂತುಹೋಗುತ್ತದೆ. 15ರ ಬದಲು 12 ಸೆಂಟಿಮೀಟರ್ ಹಾಕಿದರೆ ಬೀಳುವುದು 57.6 ಘನಮೀಟರ್ ಮಾತ್ರ. ಮೂರು ಬೆರಳಿನ ಅಗಲವೂ ಇಲ್ಲದ ಆ ಕೊರತೆಯಲ್ಲಿ ಹದಿನಾಲ್ಕು ಘನಮೀಟರಿಗಿಂತ ಹೆಚ್ಚು ಕಾಂಕ್ರೀಟ್ ಮಾಯವಾಗಿರುತ್ತದೆ. ರಸ್ತೆಯ ಆಯುಷ್ಯವೂ ಅದರ ಜೊತೆಗೇ ಹೋಗುತ್ತದೆ.

ಫಲಕದ ಮೊತ್ತವನ್ನೂ ಗುತ್ತಿಗೆದಾರ ಕೇಳಿದ ದರವನ್ನೂ ನೇರವಾಗಿ ಹೋಲಿಸಬೇಡಿ. ಫಲಕದಲ್ಲಿ ಹೆಚ್ಚಾಗಿ ಜಿ.ಎಸ್.ಟಿ. (ಇಂಥ ಕೆಲಸಗಳಿಗೆ 2022ರ ಜುಲೈಯಿಂದ ಶೇಕಡಾ 18), ಪರೀಕ್ಷೆಯ ವೆಚ್ಚ, ವಿಮೆ ಎಲ್ಲ ಸೇರಿರುತ್ತವೆ. ಈ ವ್ಯತ್ಯಾಸ ತಿಳಿಯದೆ “ಇಷ್ಟು ಲಕ್ಷ ನುಂಗಿದರು” ಎಂದು ಅರ್ಜಿ ಬರೆದವರ ಮಾತನ್ನು ಕಚೇರಿಯಲ್ಲಿ ಮತ್ತೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವರ ಉಳಿದ ದೂರುಗಳು ನಿಜವಾಗಿದ್ದರೂ ಸರಿಯೇ.

5. ಕಾಗದ ಪಡೆಯುವುದು: ಸೋಮವಾರ, ಆಮೇಲೆ ಅರ್ಜಿ

ಬಹಳ ಜನಕ್ಕೆ ಗೊತ್ತಿಲ್ಲದ ಸೌಲಭ್ಯವೊಂದಿದೆ. 2018ರ ಸರ್ಕಾರಿ ಆದೇಶದಂತೆ ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳು ಪ್ರತಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರಿಗೆ ಕಡತ ನೋಡಲು ಅವಕಾಶ ಕೊಡಬೇಕು. ಮೊದಲು ಇದನ್ನು ಬಳಸಿ. ಜಗಳದ ಮುಖ ಹೊತ್ತು ಹೋಗಬೇಡಿ. ಕೆಲಸದ ಹೆಸರು ಬರೆದ ಚೀಟಿ ಕೊಟ್ಟು, “ಯಾ ಕಾಮಾಚೀ ಫಾಯಿಲ್ ಪಾಹಾಯ್ಚೀ ಆಹೇ” ಎನ್ನಿ, ಈ ಕೆಲಸದ ಕಡತ ನೋಡಬೇಕು ಎಂದರ್ಥ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರು ಓದಿದರೆ ಇನ್ನೊಬ್ಬರು ಬರೆದುಕೊಳ್ಳಬಹುದು.

ಕಡತ ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕಾಯಿದೆಯ ಪ್ರಕಾರ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಬರೆದರೆ ಹಿಂದೆ ಬರುತ್ತದೆ, ನಮಗೆ ಬೇಸರವೆನಿಸಿದರೂ ನಿಯಮ ಹಾಗಿದೆ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹತ್ತು ರೂಪಾಯಿ ಶುಲ್ಕ, ಕೋರ್ಟ್ ಫೀ ಸ್ಟಾಂಪು ಅಂಟಿಸಿದರೆ ಸಾಕು. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ. ವಿಳಾಸ ‘ಜನ ಮಾಹಿತಿ ಅಧಿಕಾರಿ, ಬಾಂಧಕಾಮ ವಿಭಾಗ’.

“ಯಾಕೆ”, “ಯಾರ ತಪ್ಪಿನಿಂದ” ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. ಕಾಗದದ ಹೆಸರು ಹೇಳಿ ಪ್ರತಿ ಕೇಳಿ: ಮಂಜೂರಾದ ಅಂದಾಜಪತ್ರಕ, ಕಾರ್ಯಾರಂಭ ಆದೇಶ, ಗುತ್ತಿಗೆಯ ಕರಾರು, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪರೀಕ್ಷಾ ವರದಿಗಳು, ಪಾವತಿಯಾದ ಬಿಲ್ಲುಗಳು. ಕಾಯಿದೆಯ 2(ಜೆ) ಕಲಂ ಕೆಲಸವನ್ನೇ ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಇದನ್ನು ಕೇಳುವವರೇ ಕಡಿಮೆ, ನೀವು ಕೇಳಿ. ಉತ್ತರಕ್ಕೆ 30 ದಿನ. ಬರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಇಪ್ಪತ್ತು ರೂಪಾಯಿ ಸ್ಟಾಂಪು. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಕೊಟ್ಟ ಅರ್ಜಿಗೆ ‘ಆವಕ’ ಮೊಹರು, ಅಂದರೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

6. ಕೆಲಸ ನಡೆಯುವ ದಿನ

ಈ ಹಂತದಲ್ಲಿ ನಿಮ್ಮ ಒಂದು ದಿನದ ರಜೆ ನೂರು ಅರ್ಜಿಗೆ ಸಮ.

ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಅಂಚಿಗೆ ಕಬ್ಬಿಣದ ಪಟ್ಟಿ ಅಥವಾ ಹಲಗೆ ನಿಲ್ಲಿಸುತ್ತಾರೆ. ಅದರ ಎತ್ತರವೇ ಕಾಂಕ್ರೀಟಿನ ದಪ್ಪ. ಟೇಪು ಹಿಡಿದು ನಾಲ್ಕೈದು ಕಡೆ ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೋ ತೆಗೆಯಿರಿ, ಹಿನ್ನೆಲೆಯಲ್ಲಿ ಯಾವುದಾದರೂ ಮನೆಯ ಗೇಟು, ಅಂಗಡಿಯ ಬೋರ್ಡು ಇರಲಿ. ಅಂಚಿನಲ್ಲಿ ಹದಿನೈದಿದ್ದು ನಡುವೆ ನೆಲ ಉಬ್ಬಿರುವುದುಂಟು. ಎರಡೂ ಅಂಚಿಗೆ ದಾರ ಎಳೆದು ನಡುವಿನ ಆಳವನ್ನೂ ನೋಡಿ. ನಮ್ಮ ಬೀದಿಯಲ್ಲಿ ಒಮ್ಮೆ ಹೀಗೆ ದಾರ ಎಳೆದಾಗ ನಡುವೆ ಹನ್ನೊಂದು ಬಂತು. ಕೆಲಸ ಶುರುವಾಗುವ ಮೊದಲೇ ತೋರಿಸಿದ್ದರಿಂದ ಅರ್ಧ ದಿನದಲ್ಲಿ ನೆಲ ಕೆತ್ತಿ ಸರಿಮಾಡಿದರು. ಮರುದಿನ ತೋರಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಸುರಿಯುವ ದಿನ ಮಿಕ್ಸರ್ ಲಾರಿಗಳನ್ನು ಎಣಿಸಿ. ತಿರುಗುವ ಡ್ರಮ್ಮಿನ ಲಾರಿಯೊಂದು ಸಾಮಾನ್ಯವಾಗಿ 6 ಘನಮೀಟರ್ ತರುತ್ತದೆ. ಪ್ರತಿ ಲಾರಿಯ ಜೊತೆ ಬರುವ ಚಲನ್‌ನಲ್ಲಿ ಪ್ರಮಾಣ, ಮಿಶ್ರಣದ ದರ್ಜೆ, ಹೊರಟ ಸಮಯ ಇರುತ್ತವೆ. 72 ಘನಮೀಟರಿಗೆ ಹನ್ನೆರಡು ಲಾರಿ ಬೇಕು. ಹತ್ತಕ್ಕೇ ಗಲ್ಲಿ ತುಂಬಿದರೆ ಮೇಲಿನ ಲೆಕ್ಕದ ಹನ್ನೆರಡು ಸೆಂಟಿಮೀಟರ್ ಅದೇ. ಬಾಲ್ಕನಿಯಲ್ಲಿ ಕುಳಿತು ಅಜ್ಜಿಯೊಬ್ಬರು ನೋಟುಪುಸ್ತಕದಲ್ಲಿ ಗೆರೆ ಎಳೆದರೂ ಸಾಕು, ಇದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ.

ಹದಿನೈದು ಸೆಂಟಿಮೀಟರಿನ ಚೌಕ ಅಚ್ಚುಗಳಲ್ಲಿ ಕಾಂಕ್ರೀಟ್ ತುಂಬುತ್ತಿದ್ದಾರೆಯೇ ನೋಡಿ. ಆ ‘ಕ್ಯೂಬ್’ಗಳನ್ನು ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಯಂತ್ರದಲ್ಲಿ ಒಡೆದು ಬಲ ಪರೀಕ್ಷಿಸುತ್ತಾರೆ. ಕ್ಯೂಬ್ ತುಂಬಿದ್ದನ್ನೇ ಕಾಣದ ಬೀದಿಗೆ ಮುಂದೆ ಪರೀಕ್ಷಾ ವರದಿ ಬಂದರೆ ಆ ವರದಿ ಎಲ್ಲಿಂದ ಬಂತು ಎಂದು ಕೇಳಬಹುದು. ಆಮೇಲೆ ಕನಿಷ್ಠ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಒಣಗಿದ ಗೋಣಿಚೀಲ ಕಂಡರೆ ದಿನಾಂಕದೊಂದಿಗೆ ಫೋಟೋ ತೆಗೆದಿಡಿ. ಪೇವರ್ ಬ್ಲಾಕ್ ಕೆಲಸವಾದರೆ ಹಾಸುವ ಮುನ್ನ ರಾಶಿಯಲ್ಲಿರುವ ಬ್ಲಾಕಿನ ದಪ್ಪ ಅಳೆಯಿರಿ. ಅಂದಾಜಿನಲ್ಲಿ 80 ಮಿಲಿಮೀಟರ್ ಇದ್ದು ರಾಶಿಯಲ್ಲಿ 60ರದ್ದು ಇದ್ದರೆ ಕಣ್ಣಿಗೆ ತಿಳಿಯುವುದಿಲ್ಲ, ಟೇಪಿಗೆ ತಿಳಿಯುತ್ತದೆ.

ಎರಡು ಎಚ್ಚರಿಕೆ. ಮುಗಿದ ರಸ್ತೆಯನ್ನು ನೀವೇ ಅಗೆದು ನೋಡಬೇಡಿ, ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ ಆರೋಪ ನಿಮ್ಮ ತಲೆಗೇ ಬರುತ್ತದೆ. ಬೇಕಿದ್ದರೆ ಅಧಿಕಾರಿಯ ಎದುರು ‘ಕೋರ್’ ತೆಗೆಸಲು, ಅಂದರೆ ಕೊಳವೆಯಾಕಾರದ ತುಂಡು ಕೊರೆಸಿ ಅಳೆಸಲು ಲಿಖಿತವಾಗಿ ಕೇಳಿ. ಇನ್ನೊಂದು ನಮ್ಮವರ ವಿಷಯ. ಅಗೆಯುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಜನ ಸಿಗುತ್ತಾರೆ. ಕನ್ನಡ ಕಿವಿಗೆ ಬಿದ್ದ ಸಂತೋಷಕ್ಕೆ ಅವರಿಂದಲೇ ಗುಟ್ಟು ಹೊರಡಿಸಲು ಹೋಗಬೇಡಿ, ಅವರ ಮಾತನ್ನು ದೂರಿನಲ್ಲಿ ಬರೆಯಲೂ ಬೇಡಿ. ನಿಮ್ಮ ದೂರಿನ ಮರುದಿನ ಕೆಲಸ ಹೋಗುವುದು ಗುತ್ತಿಗೆದಾರನದಲ್ಲ, ಅವರದು. ನೀರು, ಚಹಾ ಕೊಡಿ. ಅಳತೆಯನ್ನು ಟೇಪಿನಿಂದ ಪಡೆಯಿರಿ.

7. ಅಳತೆ ಪುಸ್ತಕವನ್ನು ಎದುರಿಟ್ಟು ನೋಡುವುದು

ಎಂ.ಬಿ.ಯ ಪುಟಗಳಿಗೆ ಕ್ರಮಸಂಖ್ಯೆಯಿರುತ್ತದೆ, ತಿದ್ದಿದಲ್ಲಿ ಸಹಿ ಇರಬೇಕು. ಅಳತೆ ತೆಗೆದ ದಿನಾಂಕವನ್ನು ನಿಮ್ಮ ನೋಟುಪುಸ್ತಕದೊಂದಿಗೆ ಹೋಲಿಸಿ. ಕೆಲಸ ಮುಗಿಯುವ ಮೊದಲೇ ಪೂರ್ತಿ ಅಳತೆ ಬರೆದಿರುವುದು, ಮಾಡದ ಬಾಬಿಗೆ ಪ್ರಮಾಣ ತೋರಿಸಿರುವುದು, ಎಲ್ಲ ಕಡೆಯೂ ಅಂದಾಜಿನಷ್ಟೇ ಅಂಕಿ ಒಂದು ಚೂರೂ ಆಚೀಚೆ ಆಗದೆ ಬಂದಿರುವುದು ಅನುಮಾನಕ್ಕೆ ಎಡೆಮಾಡುವ ಗುರುತುಗಳು. ನಿಜವಾದ ನೆಲದ ಅಳತೆ ಅಷ್ಟು ನುಣುಪಾಗಿರುವುದಿಲ್ಲ.

ವ್ಯತ್ಯಾಸ ಕಂಡರೆ ಅಂತಿಮ ಬಿಲ್ಲಿಗೆ ಮುನ್ನ ಮುಖ್ಯಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಬಾಬಿನ ಸಂಖ್ಯೆ, ಅಂದಾಜಿನ ಅಳತೆ, ಪುಸ್ತಕದ ಅಳತೆ, ನಿಮ್ಮ ಅಳತೆ, ಫೋಟೋ ಇಷ್ಟಿರಲಿ. ‘ಭ್ರಷ್ಟರು’ ಎಂಬ ಪದ ಬೇಡ. ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯ ನಗರ ಆಡಳಿತ ವಿಭಾಗಕ್ಕೂ ಕಳುಹಿಸಿ. ತಿಂಗಳ ಮೊದಲ ಸೋಮವಾರ ಜಿಲ್ಲಾ ಮಟ್ಟದಲ್ಲಿ ‘ಲೋಕಶಾಹಿ ದಿನ’ ನಡೆಯುತ್ತದೆ, ದೂರನ್ನು ಅಲ್ಲಿಗೂ ಒಯ್ಯಬಹುದು. ಯಾರಾದರೂ ಲಂಚ ಕೇಳಿದ್ದರೆ ಅದು ಬೇರೆ ದಾರಿ: ಭ್ರಷ್ಟಾಚಾರ ನಿಗ್ರಹ ದಳದ ಸಹಾಯವಾಣಿ 1064.

8. ಕಸ, ಗುಡಿಸುವಿಕೆ: ಅಳೆಯಲಾಗದ ಕೆಲಸ

ಸೇವೆಯ ಗುತ್ತಿಗೆಯಲ್ಲಿ ಟೇಪಿಗೆ ಕೆಲಸವಿಲ್ಲ. ಕರಾರಿನಲ್ಲಿ ಹಣ ಯಾವುದಕ್ಕೆ ಕೊಡುತ್ತಾರೆಂದು ಮೊದಲು ನೋಡಿ. ‘ಘಂಟಾಗಾಡಿ’ಗೆ (ಗಂಟೆ ಬಾರಿಸುತ್ತ ಬರುವ ಕಸದ ಗಾಡಿ) ಟನ್ನಿನ ಲೆಕ್ಕದಲ್ಲಿ ಹಣವಾದರೆ ತೂಕದ ಕಾಟಾದ ಚೀಟಿಗಳೇ ಸಾಕ್ಷಿ, ಕಸದ ಜೊತೆ ಕಟ್ಟಡದ ಮಣ್ಣು ತುಂಬಿದರೂ ತೂಕ ಏರುತ್ತದೆ. ಗಾಡಿಗೆ ತಿಂಗಳಿಗಿಷ್ಟು ಎಂದಾದರೆ ಗಾಡಿಗಳ ಸಂಖ್ಯೆ ಮುಖ್ಯ. ಒಂದು ತಿಂಗಳು ನಿಮ್ಮ ಗಲ್ಲಿಗೆ ಬಂದ ಗಾಡಿಯ ನಂಬರ್, ಸಮಯ ಬರೆದಿಟ್ಟು ‘ಲಾಗ್ ಶೀಟ್’ ಕೇಳಿ ಹೋಲಿಸಿ. ಜನರ ಲೆಕ್ಕದಲ್ಲಾದರೆ ಹಾಜರಿ ಪುಸ್ತಕ.

ಇಲ್ಲಿ ದುಡಿಯುವವರ ಪಗಾರದ ಮಾತನ್ನೂ ಆಡಲೇಬೇಕು. ಗೋವಾದ ಪಟ್ಟಣಗಳಲ್ಲಿ ಬೆಳಗಿನ ಜಾವ ಕಸ ಎತ್ತುವವರಲ್ಲಿ ಉತ್ತರ ಕರ್ನಾಟಕದವರು ಬಹಳ. ಮುಂಬಯಿ, ಪುಣೆಯ ಸುತ್ತಲೂ ಇದ್ದಾರೆ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಅದನ್ನು ಕೊಡಬೇಕಾದ ಹೊಣೆ ‘ಮೂಲ ಮಾಲೀಕ’ನಾದ ನಗರ ಪರಿಷತ್ತಿನದೇ ಎಂದು ಕಾನೂನು ಹೇಳುತ್ತದೆ. ಕೊಟ್ಟದ್ದನ್ನು ಪರಿಷತ್ತು ಗುತ್ತಿಗೆದಾರನ ಬಿಲ್ಲಿನಿಂದ ಮುರಿದುಕೊಳ್ಳಬಹುದು. ಭವಿಷ್ಯ ನಿಧಿಗೆ ಶೇಕಡಾ 12 ಕಡಿತವಾಗುತ್ತಿದ್ದರೆ ಅದು ಖಾತೆಗೆ ಸೇರುತ್ತಿದೆಯೇ ಎಂದು ಯು.ಎ.ಎನ್. (ಕೆಲಸಗಾರನ ಭವಿಷ್ಯ ನಿಧಿಯ ಸಂಖ್ಯೆ) ಹಾಕಿ ಮೊಬೈಲಿನಲ್ಲೇ ನೋಡಬಹುದು. ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರಕ್ಕೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಇದೆ, ಕೆಲಸಗಾರನ ಪಾಲು ಶೇಕಡಾ 0.75 ಮಾತ್ರ. ಕಟ್ಟಡ, ರಸ್ತೆ ಕೆಲಸದವರು 18ರಿಂದ 60ರ ವಯಸ್ಸಿನವರಾಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಕಟ್ಟಡ ಕೆಲಸದ ಬಿಲ್ಲುಗಳಿಂದ ಶೇಕಡಾ 1 ಸೆಸ್ ಮುರಿಯುವುದೇ ಆ ನಿಧಿಗೆ. ನಿಮ್ಮ ಬೀದಿಯಲ್ಲಿ ಕೆಲಸ ಮಾಡುವ ಅಣ್ಣ, ಅಕ್ಕಂದಿರಿಗೆ ಓದು ಬಾರದಿದ್ದರೆ ಭಾನುವಾರ ಅರ್ಧ ಗಂಟೆ ಕೂತು ಅವರ ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ತೋರಿಸಿ.

9. ಬಿಲ್ ಪಾಸಾದ ಮೇಲೆ

ಹಣ ಹೋಯಿತೆಂದು ಕೈಚೆಲ್ಲಬೇಡಿ. ಕರಾರಿನಲ್ಲಿ ‘ದೋಷ ದಾಯಿತ್ವ ಕಾಲಾವಧಿ’ ಎಂಬ ಷರತ್ತಿರುತ್ತದೆ. ಆ ಅವಧಿಯಲ್ಲಿ ಕೆಟ್ಟದ್ದನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಅವಧಿ ಕೆಲಸದಿಂದ ಕೆಲಸಕ್ಕೆ ಬೇರೆ, ನಿಮ್ಮ ಕರಾರಿನಲ್ಲಿರುವುದನ್ನೇ ನಂಬಿ. ಅದು ಮುಗಿಯುವವರೆಗೆ ಅವನ ಭದ್ರತಾ ಠೇವಣಿ ಪರಿಷತ್ತಿನ ಬಳಿ ಇರುತ್ತದೆ. ಕೆಲಸ ಮುಗಿದ ದಿನಾಂಕದ ದಾಖಲೆ, ಅಂದರೆ ‘ಕಾಮ ಪೂರ್ಣತ್ವಾಚಾ ದಾಖಲಾ’ ಪಡೆದು, ಅವಧಿ ಮುಗಿಯುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಎರಡು ತಿಂಗಳು ಮೊದಲು ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆಯಿರಿ. ಬಿರುಕು, ನೀರು ನಿಲ್ಲುವ ತಗ್ಗು, ಕುಸಿದ ಚೇಂಬರು ಎಲ್ಲದರ ಫೋಟೋ ಅಂಟಿಸಿ, ದುರಸ್ತಿಯಾಗುವವರೆಗೆ ಠೇವಣಿ ಬಿಡುಗಡೆ ಮಾಡಬಾರದೆಂದು ಮುಖ್ಯಾಧಿಕಾರಿಗೆ ಪತ್ರ ಕೊಟ್ಟು, ಆವಕ ಮೊಹರು ಹಾಕಿಸಿಕೊಳ್ಳಿ.